ಬಾಗಿಲ ಬಳಿಯ ಸ್ಟೂಲು

“ನಿನ್ನ ಸ್ಟೂಲನ್ನ ಬಾಗಿಲ ಹತ್ರ ಎತ್ತಿಟ್ಟಿದಾನೆ ನೋಡು. ಏನ್ ಮಾಡ್ದೆ ಅವನಿಗೆ?” ಎಂದಳು ಟೈಲರ್ ಅಂಗಡಿ ನಡೆಸುವ ಅಕ್ಕ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಪಿನ್ನು ತೆಗೆಯದೆಯೇ.

ಆ ಸ್ಟೂಲಿನ ಹುಡುಗಿ ಏನೂ ಮಾಡಿರಲಿಲ್ಲ. ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ‘ಗುಂಡಿ’. ಮೂರು ವರ್ಷದಿಂದ ಕಟಿಂಗ್ ಮಾಸ್ಟರನ ಮೇಜಿನ ಪಕ್ಕದಲ್ಲೇ ಕೂತವಳು. ಸೂಜಿ ಚುಚ್ಚಿಡುವ ಪುಟ್ಟ ದಿಂಬೂ ಇಬ್ಬರಿಗೂ ಒಂದೇ. ಅವನು ಟೇಪು ಹಿಡಿದ ನೆಪದಲ್ಲಿ ಕದ್ದು ನೋಡುವುದು, ಇವಳು ದಾರ ಕಚ್ಚುವ ನೆಪದಲ್ಲಿ ತಲೆ ತಗ್ಗಿಸಿ ನಗುವುದು, ಎರಡೂ ಅಂಗಡಿಗೆಲ್ಲ ಗೊತ್ತಿದ್ದ ಗುಟ್ಟು. ಮುಂದಿನ ತಿಂಗಳು ಮನೆಗೆ ಬಂದು ಅಪ್ಪನನ್ನು ಕೇಳುತ್ತೇನೆಂದೂ ಹೇಳಿದ್ದ.

ಈಗ ನೋಡಿದರೆ ದಿಂಬು ಎರಡಾಗಿವೆ. ಅವನ ಸೂಜಿಗಳಿಗೆಲ್ಲ ಗುರುತಿಗೆ ಕೆಂಪು ದಾರ. ಅವನ್ನು ಮುಟ್ಟಬೇಡ ಎಂದಷ್ಟೇ ಹೇಳಿ ಕತ್ತರಿ ಕೈಗೆತ್ತಿಕೊಂಡ. ಊಟದ ಹೊತ್ತಿನವರೆಗೆ ಇವಳು ಹೇಗೋ ಹಲ್ಲು ಕಚ್ಚಿ ಕೂತಳು.

“ಬೇರೆ ಯಾರನ್ನಾದ್ರೂ ನೋಡ್ಕೊಂಡಿದ್ರೆ ಹೇಳ್ಬಿಡಿ ಮಾಸ್ಟ್ರೇ. ಸ್ಟೂಲ್ ಕೈಲಿ ಯಾಕೆ ಹೇಳಿಸ್ತೀರಿ?”

ಅವನು ಗುರುತು ಹಾಕುತ್ತಿದ್ದ ಸೀಮೆಸುಣ್ಣ ಕೆಳಗಿಟ್ಟ. ಅಂಗಡಿಯ ಅಕ್ಕನ ಅಣ್ಣನ ಆಪರೇಷನ್ನಿಗೆಂದು ರಕ್ತ ಕೊಟ್ಟಿದ್ದನಲ್ಲ, ಅದನ್ನು ಬ್ಲಡ್ ಬ್ಯಾಂಕಿನವರು ಬಳಸಲಿಲ್ಲವಂತೆ. ಕರೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿದರಂತೆ. ಹೆಪಟೈಟಿಸ್ ಬಿ. ಹುಟ್ಟುವಾಗಲೇ ಬಂದಿರಬಹುದು, ಎಂದೋ ಚುಚ್ಚಿದ ಸೂಜಿಯಿಂದಲೂ ಇರಬಹುದು. ಆರು ತಿಂಗಳಿಗೊಮ್ಮೆ ಲಿವರ್ ತೋರಿಸಿಕೊಳ್ಳಬೇಕು. ಇಷ್ಟನ್ನೂ ಯಾರದೋ ಪ್ಯಾಂಟಿನ ಅಳತೆ ಓದಿದ ಹಾಗೆ ಹೇಳಿದ.

“ರಕ್ತದಿಂದ ಬರುತ್ತೆ. ಗಂಡನಿಂದ ಹೆಂಡ್ತಿಗೂ ಬರುತ್ತೆ. ನಿಮ್ಮಪ್ಪನ್ನ ಕೇಳೋಕೆ ನಾನು ಬರಲ್ಲ, ಗುಂಡಿ.”

ಅವಳು ಅಳಲಿಲ್ಲ. ಉಳಿದಿದ್ದ ಏಳು ಗುಂಡಿ ಹಚ್ಚಿ ಮುಗಿಸಿದಳು. ಮರುದಿನ ಅರ್ಧ ದಿನ ರಜೆ ಕೇಳಿ ಆಸ್ಪತ್ರೆಗೆ ಹೋದಳು. ಜೊತೆಗೆ ಉಣ್ಣುವುದರಿಂದ, ಪಕ್ಕದಲ್ಲಿ ಕೂರುವುದರಿಂದ ಅಂಟುವುದಲ್ಲ ಎಂದರು ಡಾಕ್ಟರು. ಕಟ್ಟಿಕೊಳ್ಳುವವಳಿಗೆ ಲಸಿಕೆ ಇದೆ. ಅವಳ ರಕ್ತ ನೋಡಿ, ಸೋಂಕಿಲ್ಲವೆಂದು ಖಾತ್ರಿಯಾದ ಮೇಲೆ ಮೊದಲನೆಯದು ಚುಚ್ಚಿದರು. ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಷ್ಟು ದಿನವೂ ಬಾಗಿಲ ಬಳಿಯೇ ಕೂತು, ಬೀದಿಯ ಧೂಳು ಕುಡಿಯುತ್ತ ಕಾಜಾ ಹೊಲಿದಳು. ಅವನು ಮಾತು ಬಿಟ್ಟಿದ್ದ. ಕದ್ದು ನೋಡುವುದನ್ನು ಬಿಟ್ಟಿರಲಿಲ್ಲ.

ಕೊನೆಯ ಲಸಿಕೆಯಾಗಿ ತಿಂಗಳೊಪ್ಪತ್ತು ಕಳೆದ ಮೇಲೆ ಅವನು ಹಾಸಿದ್ದ ಬಟ್ಟೆಯ ಮೇಲೆ ಒಂದು ಕಾಗದ ತಂದಿಟ್ಟಳು.

“ಯಾರ ಅಳತೆ ಇದು?” ಎಂದ, ತಲೆಯೆತ್ತದೆ.

“ನಂದು. ರಕ್ತದಲ್ಲಿ ಆ ರೋಗ ತಡೆಯೋ ಶಕ್ತಿ ಹತ್ತು ದಾಟಿದ್ರೆ ಸಾಕಂತೆ. ಮುನ್ನೂರಿಪ್ಪತ್ತು ಬಂದಿದೆ. ಲಸಿಕೆ ಹಿಡಿದಿದೆ.”

ಅವನು ಎರಡು ಸಲ ಓದಿದ.

“ಇಷ್ಟು ದಿನ ಒಂದ್ ಮಾತೂ ಹೇಳ್ಲಿಲ್ಲ ನೀನು.”

“ನೀವು ಹೇಳಿ ಸ್ಟೂಲ್ ಎತ್ತಿದ್ರಾ? ಸರಿಗೆ ಸರಿ. ಭಾನುವಾರ ಅಪ್ಪ ಮನೇಲಿರ್ತಾರೆ. ಏನಿದೆಯೋ ಅದನ್ನ ನೀವೇ ಹೇಳಿ. ನಾನು ಪಕ್ಕದಲ್ಲಿರ್ತೀನಿ.”

ಅವನು ಎದ್ದು ಬಾಗಿಲ ಬಳಿ ಹೋಗಿ ಸ್ಟೂಲನ್ನು ಎತ್ತಿ ತಂದು ಮೇಜಿನ ಪಕ್ಕ ಇಟ್ಟ. ಒಂದು ಕಾಲು ಅಲುಗಾಡುತ್ತಿತ್ತು. ಬಟ್ಟೆಯ ಚೂರೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ತುರುಕಿದ.