ಕನ್ನಡದ ಸೊನ್ನೆ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಧನಪಾಲ ಮಗದುಮ್ ಠಾಣೆಯ ಮೆಟ್ಟಿಲು ಹತ್ತಿದರು. ಬೆಳಗಾವಿಯ ಕೋಟೆ ರಸ್ತೆಯ ಧಾರಾ ರಕ್ತನಿಧಿಯ ಕಾರ್ಯದರ್ಶಿ ಅವರು. ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು. ಅವರ ಹಿಂದೆ ಅಲ್ಲಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಮಯೂರ ಬೆಳವಡಿ ಇದ್ದ. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ.

ದೂರು ಇಷ್ಟು. ಭಾನುವಾರ ಮಧ್ಯಾಹ್ನದಿಂದ ರಕ್ತನಿಧಿಯ ಡೇಟಾಬೇಸ್ ಸರ್ವರ್ ಶುರುವಾಗುತ್ತಿಲ್ಲ. ಕರೆಂಟು ಇದೆ, ಒಳಗಿನ ಫ್ಯಾನು ತಿರುಗುತ್ತದೆ, ಆದರೆ ಡೇಟಾಬೇಸ್ ಏಳುವಷ್ಟರಲ್ಲೇ ಮಲಗಿಬಿಡುತ್ತದೆ. ಯಾರ ರಕ್ತ ಯಾವ ಗುಂಪಿನದು, ಅವರ ಫೋನ್ ನಂಬರ್ ಏನು, ಎಲ್ಲ ಅದರೊಳಗೇ. ಖಾನಾಪುರದ ನರ್ಸಿಂಗ್ ಹೋಮೊಂದರಲ್ಲಿ ಹೆರಿಗೆಯಾದ ನೀಲಾ ಎಂಬಾಕೆ ಅಪರೂಪದ ಗುಂಪಿನ ರಕ್ತಕ್ಕಾಗಿ ಭಾನುವಾರ ಸಂಜೆಯವರೆಗೆ ಕಾದಿದ್ದಳು. ಕೊಡುವವರ ಹೆಸರು ಸರ್ವರಿನಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಧಾರವಾಡದಿಂದ ರಕ್ತ ತರಿಸಿ ಅವಳನ್ನು ಉಳಿಸಿಕೊಂಡರು.

"ಕಡೀಕ ಅದರೊಳಗ ಯಾರು ಕೈ ಹಾಕ್ಯಾರ?" ಇನ್‌ಸ್ಪೆಕ್ಟರ್ ಸುಯಶ ಹುದ್ದಾರ ಕೇಳಿದ.

"ದಿಗಂಬರ ಗುರವ ಅಂತ್ರಿ. ಅವನ ಹೆಸರಿನ ಲಾಗಿನ್ ಐತಿ," ಎಂದ ಮಯೂರ. "ನನಗಿಂತ ಮೊದಲ ಇದ್ದಾಂವ. ಜಗಳಾಡಿ ಬಿಟ್ಟು ಹೋದ."

"ಪಾಸ್‌ವರ್ಡ್ ಮತ್ಯಾರಿಗೆ ಗೊತ್ತೈತಿ?"

"ಯಾರಿಗೂ ಇಲ್ರಿ. ಅವಗೊಬ್ಬಂಗ."

"ಊರು?"

"ನಂದಗಡ. ಮರಾಠಿ ಮಂದಿ."

ಕೊನೆಯ ಎರಡು ಶಬ್ದ ಯಾರೂ ಕೇಳದಿದ್ದರೂ ಬಂದಿದ್ದವು. ಸುಯಶ ಅವನ್ನು ಬರೆದುಕೊಳ್ಳಲೂ ಇಲ್ಲ. ಆದರೆ ಅವು ತಲೆಯಲ್ಲಿ ಎಲ್ಲಿ ಕೂರಬೇಕೋ ಅಲ್ಲಿ ಕೂತವು. ಸುಯಶನ ಮನೆಯಲ್ಲೇ ಅರ್ಧ ಬೈಗುಳ ಮರಾಠಿಯಲ್ಲಿ ನಡೆಯುತ್ತಿತ್ತು. ಆದರೂ ಕೂತವು.

ಹನ್ನೆರಡಕ್ಕೆ ಐಟಿ ಕಾಯ್ದೆಯಡಿ ಎಫ್‌ಐಆರ್ ಆಯಿತು. ಮಧ್ಯಾಹ್ನ ಪಂಚರ ಎದುರು ಸರ್ವರ್ ಕೋಣೆಯ ಪಂಚನಾಮೆ ಮುಗಿಸಿ, ಡಿಸ್ಕಿನ ನಕಲನ್ನು ಪರೀಕ್ಷೆಗೆ ಕಂಪ್ಯೂಟರ್ ಬಲ್ಲ ಪಿಎಸ್‌ಐ ಕೇತಕಿಯ ಕೈಗೆ ಕೊಟ್ಟರು.

"ಲಾಗಿನ್ ಯಾವ ಜಾಗಾದಿಂದ ಆಗೇತಿ ಅಂತ ಮೊದಲ ನೋಡ್ತೀನ್ರಿ ಸರ್," ಎಂದಳು ಕೇತಕಿ. "ಎರಡು ದಿನ ಕೊಡ್ರಿ."

"ಹೆಸರ ಸಿಕ್ಕೇತಲ್ಲ, ಜಾಗಾ ಯಾಕ?" ಎಂದು ಸುಯಶ ಹೊರಟುಬಿಟ್ಟ.

ಬುಧವಾರ ನಂದಗಡದಲ್ಲಿ ಸಂತೆ. ಜೀಪು ಊರ ಬಾಯಲ್ಲೇ ನಿಂತಿತು. ದಿಗಂಬರ ಸಂತೆಯ ಆಚೆ ತುದಿಯ ಅಂಗಡಿಯೊಂದರ ಅಟ್ಟದ ಮೇಲೆ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತು, "ಬರ್ರಿ, ಕುಂದರ್ರಿ," ಎಂದ. ಯಾರೂ ಕೂರಲಿಲ್ಲ. ಲ್ಯಾಪ್‌ಟಾಪ್ ಜಪ್ತಿಯಾಯಿತು.

ಕೆಳಗಿಳಿದ ಮೇಲೆ ಹವಾಲ್ದಾರ ಬಾಳೇಶ ಮೆಲ್ಲಗೆ ಕೇಳಿದ: "ಸಾಹೇಬ್ರ, ಹಿಂದಿನ ಓಣಿ ಹಿಡದ ಹೋಗೂಣೇನ್ರಿ? ಸಂತಿ ತುಂಬೇತಿ."

"ಯಾಕ, ನಿನ್ನ ಅಳಿಯ ಏನ ಅವ? ನೋಡ್ಲಿ ಮಂದಿ."

ಸುಯಶ ತಾನೇ ದಿಗಂಬರನ ಅಂಗಿಯ ಕಾಲರು ಹಿಡಿದ. ಮೆಣಸಿನಕಾಯಿ ರಾಶಿ, ಬೆಲ್ಲದ ಪೆಂಟಿ, ಪಾತ್ರೆ ಅಂಗಡಿಗಳ ನಡುವೆ ಸಂತೆಯ ಉದ್ದಕ್ಕೂ ನಡೆಸಿದ. ತಕ್ಕಡಿ ಎತ್ತಿದ್ದ ಮೆಣಸಿನಕಾಯಿ ಮಾರುವ ಮಾಯವ್ವ ಅದನ್ನು ಇಳಿಸುವುದನ್ನೇ ಮರೆತಳು. "ಅಯ್ಯ, ಮಾಸ್ತರನ್ನ ಯಾಕ ಹಿಡದ್ರೋ ಯಪ್ಪಾ!" "ರಕ್ತ ಮಾರ್ಯಾನಂತ ಬೇ," ಎಂದ ಯಾವನೋ. ಸಂತೆಯ ಈ ತುದಿ ಮುಟ್ಟುವಷ್ಟರಲ್ಲಿ ರಕ್ತ ಹೋಗಿ ಕಿಡ್ನಿಯಾಗಿತ್ತು. ಹೆಂಡತಿ ಕುಮುದಿನಿ ಬರಿಗಾಲಲ್ಲಿ ಜೀಪಿನವರೆಗೂ ಓಡಿ ಬಂದಳು. ದಿಗಂಬರ ತಲೆ ಎತ್ತದೆ, "ತೂ ಘರೀ ಜಾ," ಎಂದು ಮರಾಠಿಯಲ್ಲಿ ಮನೆಗೆ ಹೋಗಲು ಹೇಳಿದ, ಅಷ್ಟೇ.

ಠಾಣೆಯಲ್ಲಿ ವಿಚಾರಣೆ ಬೇಗ ಮುಗಿಯಿತು.

"ಭಾನುವಾರ ಮಧ್ಯಾಹ್ನ ಎಲ್ಲಿದ್ದಿ?"

"ಕ್ಲಾಸಿನ್ಯಾಗ. ಮಕ್ಕಳಿಗೆ ಕೇಳ್ರಿ."

"ಕುಂತಲ್ಲಿಂದನ ಲಾಗಿನ್ ಆಗಾಕ ಬರ್ತದಲ್ಲ?"

"ಬರಂಗಿಲ್ರಿ. ಆ ಸರ್ವರಿಗೆ ಹೊರಗಿಂದ ದಾರಿ ಇಲ್ಲ, ನಾನ ಮುಚ್ಚೇನಿ. ಮಯೂರಗ ಕೇಳ್ರಿ."

"ಕೇಳೇನಿ," ಎಂದ ಸುಯಶ. ಕೇಳಿರಲಿಲ್ಲ.

"ಜಗಳ ಯಾಕಾತು?"

ದಿಗಂಬರ ತಡೆದು ಹೇಳಿದ: "ಹೊಸಾ ಮನಷ್ಯಾಗ ಈ ಕೆಲಸ ಗೊತ್ತಿಲ್ಲ ಅಂದೆ. ಮೀಟಿಂಗಿನ್ಯಾಗ, ಎಲ್ಲಾರ ಮುಂದ. ಹಂಗ ಅನಬಾರದಿತ್ತು, ಖರೇ."

"ದ್ವೇಷ ಅಂತ ಬರಕೋ," ಎಂದು ಸುಯಶ ಬಾಳೇಶನಿಗೆ ಹೇಳಿದ. ಮರುದಿನ ನ್ಯಾಯಾಲಯ ಆರೋಪಿಯನ್ನು ಹಿಂಡಲಗಾ ಜೈಲಿಗೆ ಕಳಿಸಿತು.

ಶುಕ್ರವಾರ ಮಧ್ಯಾಹ್ನ ಕೇತಕಿ ಫೋನು ಮಾಡಿ ಕರೆದಳು. ಪರದೆಯ ಮೇಲೆ ಸರ್ವರಿನ ಸೆಟ್ಟಿಂಗ್ ಫೈಲು ತೆರೆದಿತ್ತು. ಏಕಕಾಲಕ್ಕೆ ಎಷ್ಟು ಮಂದಿ ಅದನ್ನು ಬಳಸಬಹುದು ಎಂಬ ಮಿತಿ ಅಲ್ಲಿತ್ತು. ಮೊದಲು ನೂರು ಇದ್ದದ್ದನ್ನು ಯಾರೋ ಒಂದು ಸೊನ್ನೆ ಸೇರಿಸಿ ಸಾವಿರ ಮಾಡಿದ್ದರು.

"ಇದ್ರಾಗ ತಪ್ಪೇನೈತಿ?"

"ಕಣ್ಣಿಗೆ ಏನೂ ಇಲ್ರಿ. ಆದ್ರ ಕಡೀ ಸೊನ್ನಿ ಇಂಗ್ಲಿಷಿಂದಲ್ಲ. ಸರ್ವರಿಗೆ ಅದು ಅಂಕೀನ ಅಲ್ಲ, ಗುರುತಿಲ್ಲದ ಅಕ್ಷರ. ಅದಕ್ಕ ಆ ಸಾಲಿಗೆ ಬಂದು ನಿಂತಬಿಡ್ತದ."

ಸುಯಶನ ಮುಖ ಅರಳಿತು. "ಮರಾಠಿ ಸೊನ್ನಿ! ನಾ ಹೇಳಿದ್ನಲ್ಲ!"

ಕೇತಕಿ ಅವನ ಮುಖ ನೋಡಲಿಲ್ಲ. "ಮರಾಠಿ ಸೊನ್ನಿ, ಕನ್ನಡ ಸೊನ್ನಿ ನೋಡಾಕ ಒಂದ ರೀ ಸರ್. ಎರಡೂ ದುಂಡಗ. ಆದ್ರ ಕಂಪ್ಯೂಟರಿನೊಳಗ ಎರಡಕ್ಕೂ ಬ್ಯಾರೆ ಬ್ಯಾರೆ ನಂಬರ್. ಇದು ಕನ್ನಡದ್ದು."

ಸುಯಶ ಮಂಗಳವಾರವೇ ಕೇಳಬೇಕಿದ್ದ ಪ್ರಶ್ನೆಯನ್ನು ಈಗ ಕೇಳಿದ: "ಲಾಗಿನ್ ಎಲ್ಲಿಂದ ಆಗೇತಿ?"

"ರಕ್ತನಿಧಿಯೊಳಗಿಂದನ. ಮಯೂರನ ಟೇಬಲ್ ಮ್ಯಾಲಿನ ಕಂಪ್ಯೂಟರು. ರಕ್ತ ಕೊಟ್ಟವರಿಗೆ ಕನ್ನಡದಾಗ ಪ್ರಮಾಣಪತ್ರ ಟೈಪ್ ಮಾಡಾಕತ್ತಿದ್ದ. ಕೀಬೋರ್ಡು ಕನ್ನಡದಾಗ ಉಳದೈತಿ, ಹಂಗ ಸೊನ್ನಿ ಒತ್ಯಾನ. ದಿಗಂಬರನ ಲ್ಯಾಪ್‌ಟಾಪಿನ್ಯಾಗ ಕನ್ನಡ ಕೀಬೋರ್ಡ ಇಲ್ಲ. ಮತ್ತ, ಸರ್ವರ್ ಯಾಕ ನಿಂತಿತು ಅಂತ ಬರದಿಡೋ ಲಾಗ್ ಫೈಲ್ ಇರ್ತದಲ್ರಿ, ಅದನ್ನ ಭಾನುವಾರ ಸಂಜೀಕ ಅಳಸ್ಯಾರ. ನಾ ವಾಪಸ್ ತಗದೇನಿ."

ಸುಯಶ ತಾನು ಕಾಲರು ಹಿಡಿದ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡ. ಹಾಗೆ ಇಳಿಸಿಕೊಂಡದ್ದನ್ನು ಕೇತಕಿ ಕಂಡಳು ಎಂಬುದೂ ಅವನಿಗೆ ಗೊತ್ತಾಯಿತು.

ನಾಲ್ಕು ಗಂಟೆಗೆ ರಕ್ತನಿಧಿ. ಕೌಂಟರಿನ ಪ್ರಮಿಳಾಳನ್ನು ಮೊದಲು ಕೇಳಿದರು.

"ದಿಗಂಬರ ಸರ್ ಪಾಸ್‌ವರ್ಡ್ ಏನ್ರಿ? ಚಾ ತರಾಂವಗೂ ಗೊತ್ತೈತಿ. ಅವ್ರು ಬಿಟ್ಟ ಮ್ಯಾಲೂ ನಾವೆಲ್ಲಾ ಅದನ್ನ ಹಾಕ್ತೇವಿ."

"ಮಂಗಳವಾರ ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ರ ತಾನ ಹೇಳೂದು?"

ಮಯೂರ ಹೆಚ್ಚು ಹೊತ್ತು ತಡೆದುಕೊಳ್ಳಲಿಲ್ಲ. ಭಾನುವಾರ ರಕ್ತದಾನ ಶಿಬಿರವಿದ್ದು, ಸರ್ವರ್ ನಿಧಾನವಾಗಿದೆ ಎಂದು ಎಲ್ಲರೂ ಕೂಗಿಕೊಂಡಿದ್ದರು, ಸೊನ್ನೆ ಸೇರಿಸಿ ಸರ್ವರನ್ನು ಮತ್ತೆ ಶುರುಮಾಡಲು ನೋಡಿದ, ಅದು ಏಳಲಿಲ್ಲ.

"ಸೊನ್ನಿ ತಗದ್ರ ಮುಗೀತಿತ್ತಲ್ಲ?"

"ಅದ ತಪ್ಪು ಅಂತ ಹೊಳೀಲೇ ಇಲ್ರಿ. ಕಣ್ಣಿಗೆ ಸರೀನ ಇತ್ತು. ಅಷ್ಟರಾಗ ನೀಲಾ ಅನ್ನಾಕಿಗೆ ರಕ್ತ ಬೇಕಂತ ಫೋನ್ ಮ್ಯಾಲ ಫೋನ್. ಹತ್ತು ಕಡೆ ಏನೇನೋ ಬದಲ ಮಾಡಿದೆ. ಯಾವುದು ಮೊದಲ ಇತ್ತು ಅನ್ನೂದ ಮರತೋತು."

"ದಿಗಂಬರಗ ಒಂದು ಫೋನ್ ಮಾಡಿದ್ರ?"

ಮಯೂರ ಮೊದಲ ಸಲ ತಲೆ ಎತ್ತಿದ. "ಅವ ಎಲ್ಲಾರ ಮುಂದ ಅಂದಿದ್ದ ರೀ, ಇವಗ ಗೊತ್ತಿಲ್ಲ ಅಂತ. ಫೋನ್ ಮಾಡಿದ್ರ ಅವನ ಮಾತ ಖರೇ ಆಗ್ತಿತ್ತು."

ಇಷ್ಟೇ. ಹಳೆಯ ವೈರವಿಲ್ಲ, ಲಾಭವಿಲ್ಲ. ನನಗೆ ಗೊತ್ತಿಲ್ಲ ಎಂಬ ಮಾತನ್ನು ನುಂಗಿಕೊಳ್ಳಲು ಒಬ್ಬ ಬಾಣಂತಿಯನ್ನು ಕಾಯಿಸಿದ್ದ, ಒಬ್ಬನನ್ನು ಜೈಲಿಗೆ ಕಳಿಸಿದ್ದ. ಸುಳ್ಳು ಮಾಹಿತಿ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಐದೂವರೆಗೆ ಅವನನ್ನು ಬಂಧಿಸಿದರು. ದಿಗಂಬರನನ್ನು ಜೈಲಿಗೆ ಕಳಿಸಿದ್ದರಲ್ಲಿ ತನ್ನ ಪಾಲೆಷ್ಟು ಎಂದು ಸುಯಶ ಲೆಕ್ಕ ಹಾಕಲಿಲ್ಲ. ಹಾಕದೆಯೂ ಗೊತ್ತಿತ್ತು.

ಶನಿವಾರ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದ ಮೇಲೆ ದಿಗಂಬರನ ಬಿಡುಗಡೆಯಾಯಿತು. ಬಾಳೇಶ ಜೈಲಿನ ಬಾಗಿಲಿಗೆ ಜೀಪು ಒಯ್ದಿದ್ದ. ದಿಗಂಬರ ಅದರ ಕಡೆ ನೋಡದೆ ಬಸ್ಸು ಹತ್ತಿದನಂತೆ.

ಸೋಮವಾರ ಸುಯಶ ನಂದಗಡಕ್ಕೆ ಹೋದ. ಕುಮುದಿನಿ ಹೊಸ್ತಿಲಲ್ಲೇ ನಿಂತಳು.

"ದಿಗಂಬರ ಅದಾರೇನ್ರಿ?"

"ಮಲಗ್ಯಾರ."

ಮಧ್ಯಾಹ್ನ ಹನ್ನೆರಡು ಗಂಟೆ. ಒಳಗೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

"ನನ್ನಿಂದ ತಪ್ಪಾಗೇತಿ, ವೈನಿ. ಹೇಳಿ ಹೋಗೂಣು ಅಂತ ಬಂದೆ."

"ವೈನಿ ಅನಬ್ಯಾಡ್ರಿ, ನಾ ನಿಮಗ ಅತ್ತಿಗಿ ಅಲ್ಲ." ಅವಳ ದನಿ ಏರಲಿಲ್ಲ. "ಅವತ್ತಿನಿಂದ ಒಂದ ಮಗು ಕ್ಲಾಸಿಗೆ ಬಂದಿಲ್ಲ. ಹಿಡಕೊಂಡು ಹೋಗಿದ್ದು ಊರೆಲ್ಲಾ ನೋಡೇತಿ. ಬಿಟ್ಟಿದ್ದು ಯಾರು ನೋಡ್ಯಾರ?"

ಸುಯಶ ಖಾಲಿ ಓಣಿಯ ಕಡೆ ತಿರುಗಿ ನೋಡಿದ.

"ಇವತ್ತ ಸಂತಿ ಇಲ್ಲಂತ ಗೊತ್ತಿತ್ತಲ್ರಿ ನಿಮಗ?"

"ಗೊತ್ತಿತ್ತು."

ಅವಳು ಅವನ ಮಾಮೂಲು ಅಂಗಿ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದಳು. "ಸಂತಿ ದಿನ ಬರ್ರಿ. ಖಾಕಿ ಹಾಕ್ಕೊಂಡ ಬರ್ರಿ. ಅಲ್ಲೆ ನಿಂತು ಹೇಳ್ರಿ." ಬಾಗಿಲು ಮುಚ್ಚಿತು.

ಜೀಪು ಊರು ದಾಟಿದ ಮೇಲೆ ಸುಯಶ ಬಾಳೇಶನನ್ನು ಕೇಳಿದ: "ನಾಡದು ಬುಧವಾರ ಸಂತಿ. ಅವತ್ತ ಏನೈತಿ ನಮಗ?"

"ಮಂತ್ರಿಗಳ ಬಂದೋಬಸ್ತ್ ರೀ ಸಾಹೇಬ್ರ. ಮುಂಜಾನಿಂದ," ಎಂದ ಬಾಳೇಶ. "ರಜಾ ಸಿಗಂಗಿಲ್ಲ."

ಸುಯಶನ ಎದೆ ಹಗುರಾಯಿತು. ಖಾನಾಪುರ ಬರುವವರೆಗೂ ಹಗುರವಾಗಿಯೇ ಇತ್ತು. ಯಾಕೆ ಹಗುರಾಯಿತು ಎಂಬುದು ತಿಳಿದದ್ದು ಆಮೇಲೆ. ಬೆಳಗಾವಿ ಮುಟ್ಟುವವರೆಗೆ ಅವನು ಬಾಳೇಶನ ಕಡೆ ತಿರುಗಲಿಲ್ಲ.