ಅಮ್ಮನ ಹುಳಿಹಿಟ್ಟು

"ಅಯ್ಯೋ! ಓವನ್ ಯಾಕ್ರೀ ಹಾಕಿದ್ರಿ?"

ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದ ಹಾಗೇ ಅವಳು ಹೊಲಿಗೆ ಬಿಟ್ಟು ಅಡುಗೆಮನೆಗೆ ಓಡಿಬಂದಳು. ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಬೆಚ್ಚಿಬಿದ್ದ.

"ಸರಿಯಾಗಿದೆಯಾ ಅಂತ ನೋಡ್ಬೇಕಲ್ವಾ ಮೇಡಂ? ಫುಲ್ ಬಿಸಿಗಿಟ್ಟೆ..."

ಬಾಗಿಲು ತೆರೆದರೆ ಒಳಗಿದ್ದ ಗಾಜಿನ ಜಾಡಿ ಸೀಳಿಹೋಗಿತ್ತು. ಬ್ರೆಡ್ ಉಬ್ಬಿಸಲೆಂದು ಅಮ್ಮ ಹದಿನಾಲ್ಕು ವರ್ಷ ದಿನವೂ ಹಿಟ್ಟು, ನೀರು ಉಣಿಸಿ ಸಾಕಿದ್ದ ಹುಳಿಹಿಟ್ಟು ಇಟ್ಟಿಗೆಯಂತೆ ಸೀದುಹೋಗಿತ್ತು. ಚಳಿ ತಾಗದಿರಲಿ ಎಂದು ಅವಳೇ ಅದನ್ನು ಅಲ್ಲಿಟ್ಟಿದ್ದಳು. ಅಮ್ಮ ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ.

"ಹಿಟ್ಟು ತಾನೇ? ಇನ್ನೊಂದ್ಸಲ ಕಲಸಿದ್ರಾಯ್ತು ಬಿಡಿ," ಎಂದುಬಿಟ್ಟ ಪುಣ್ಯಾತ್ಮ!

"ನಮ್ಮಮ್ಮಂದು ಅಂತ ಇದ್ದಿದ್ದು ಅದೊಂದೇ ಕಣ್ರೀ! ಹೋಗಿ ಇಲ್ಲಿಂದ!"

ಮರುದಿನ ಸಂಜೆ ಅವನು ಹೊಸ ಜಾಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಹೇಗೆ ಮಾಡೋದು ಹೇಳಿ. ನಾನೇ ಮಾಡಿಕೊಡ್ತೀನಿ."

ಎಷ್ಟು ಧೈರ್ಯ ಇವನಿಗೆ! ಬಾಗಿಲು ಹಾಕಲು ಹೋದವಳು ಯಾಕೋ ಹೇಳಿದಳು. ಗೋಧಿಹಿಟ್ಟು, ನೀರು ಸಮಸಮ. ದಿನಾ ಅರ್ಧ ತೆಗೆದು, ಉಳಿದದ್ದಕ್ಕೆ ಮತ್ತೆ ಹಿಟ್ಟು, ನೀರು.

ಅಂದಿನಿಂದ ಸಂಜೆಯಾದರೆ ಜಾಡಿ ಸಮೇತ ಹಾಜರು.

ಮೂರನೆಯ ದಿನ, "ಉಬ್ಬಿತು ಮೇಡಂ!"

"ಕುಣೀಬೇಡಿ. ನಾಳೆ ಮಲಗುತ್ತೆ ಅದು."

ಐದನೆಯ ದಿನ ಮುಖ ಸಪ್ಪಗಿತ್ತು. "ಸತ್ತೋಯ್ತು. ನಾತ ಬೇರೆ. ನನ್ನ ಕೈಗುಣಾನೇ ಇಷ್ಟು."

ಅವಳಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. "ಸತ್ತಿಲ್ಲ ಕಣ್ರೀ! ಊಟ ಕೊಡಿ, ಏಳುತ್ತೆ."

ಒಂಬತ್ತನೆಯ ದಿನ ಅವನು ಬರಲಿಲ್ಲ. ಹತ್ತನೆಯ ದಿನವೂ ಇಲ್ಲ. ಹನ್ನೆರಡನೆಯ ದಿನವೂ ಇಲ್ಲ.

ಬರದಿದ್ರೆ ನನಗೇನಂತೆ? ಹಾಗೆಂದುಕೊಂಡೇ ಒಂದು ಅಂಗಿಗೆ ತೋಳನ್ನು ತಿರುಗುಮುರುಗಾಗಿ ಹೊಲಿದಳು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಸಾಕು, ಮಷಿನ್ ನಿಲ್ಲುತ್ತಿತ್ತು. ಅಮ್ಮ ಹೋದಳು... ಅವಳ ಜಾಡಿಯೂ ಹೋಯಿತು... ಈಗ ಇವನೂ ಕೈಕೊಟ್ಟನಾ?

ಹದಿಮೂರನೆಯ ದಿನ ತಡೆಯಲಾರದೆ ಅವನ ಅಂಗಡಿಗೇ ನುಗ್ಗಿದಳು. "ಆಗಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು! ಯಾಕೆ..."

ಮೇಜಿನ ಮೇಲೆ, ವೈರುಗಳ ನಡುವೆ ಜಾಡಿ. ತುಂಬ ಗುಳ್ಳೆ, ಹಿಟ್ಟು ಎರಡರಷ್ಟು ಎದ್ದಿತ್ತು.

"ಇದು... ಯಾವತ್ತಿಂದ?"

"ಒಂಬತ್ತನೇ ದಿನದಿಂದ." ಅವನು ತಲೆ ತಗ್ಗಿಸಿದ. "ಕೊಟ್ಟುಬಿಟ್ರೆ... ನಿಮ್ಮನೆಗೆ ಬರೋಕೆ ಇನ್ನೇನು ಕಾರಣ ಇರುತ್ತೆ?"

ಅವಳ ಕಣ್ಣು ತುಂಬಿಬಂತು. ನಾಲ್ಕು ದಿನ ಇದೇ ಸಂಕಟದಲ್ಲಿ ಇಬ್ಬರೂ ಒದ್ದಾಡಿದ್ದರಾ!

"ನಿಮ್ಮಮ್ಮಂದು ನನ್ನಿಂದ ವಾಪಸ್ ತರೋಕಾಗಲ್ಲ. ಅದು ಗೊತ್ತು ನನಗೆ," ಎಂದ ಮೆಲ್ಲಗೆ.

"ಹೂಂ... ಆಗಲ್ಲ." ಅವಳು ಅತ್ತಳು. ಅಮ್ಮ ಸತ್ತ ದಿನವೂ ಹೊರಬಾರದ ಅಳು ಅದು. ಅವನು ಬಂದು ಪಕ್ಕದಲ್ಲಿ ನಿಂತುಕೊಂಡ.

ಕಣ್ಣೊರೆಸಿಕೊಂಡು ಜಾಡಿಯನ್ನು ಎದೆಗವಚಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ಬರಲ್ವಾ?"

"ಎಲ್ಲಿಗೆ?"

"ಇದಕ್ಕೆ ಇನ್ಮೇಲೆ ದಿನಾ ಎರಡು ಹೊತ್ತು ಊಟ ಕೊಡ್ಬೇಕು. ನನ್ನೊಬ್ಬಳ ಕೈಲಿ ಆಗಲ್ಲ."

"ಎಷ್ಟು ದಿನ?"

"ಅಮ್ಮ ಹದಿನಾಲ್ಕು ವರ್ಷ ಕೊಟ್ಟಳು," ಎಂದಳು ಅವಳು. "ನಿಮಗೆ ಅಷ್ಟು ಸಾಕಾಗುತ್ತಾ?"

"ಸಾಕಾಗಲ್ಲ," ಎಂದ ಅವನು.