ನಾಲ್ಕೂ ಕಡೆ ಹೊಲಿದ ಪುಸ್ತಕ

"ಮಾಸ್ತರ್ರ, ಈ ದಾರಕ್ಕ ಕತ್ತರಿ ಹಚ್ಚಬ್ಯಾಡ್ರಿ," ಎಂದ ಉಚ್ಚೀರಪ್ಪ. ಹೇಳಿದವನೇ ಪುಸ್ತಕವನ್ನು ಹಲಗೆಯ ಮೇಲಿಟ್ಟು, ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ.

ಹಾಲಸ್ವಾಮಿ ನಕ್ಕ. ಮದರಾಸಿನಲ್ಲಿ ಚಿತ್ರಕಲೆ ಕಲಿತು ಬಂದವನಲ್ಲವೇ, ನಗಲೇಬೇಕು! ಆದವಾನಿಯ ಶಾಲೆಗೆ ಡ್ರಾಯಿಂಗ್ ಮಾಸ್ತರನಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಬಾಡಿಗೆ ಮನೆಯ ಗೋಡೆಗೂಡಿನಲ್ಲಿ ಸಿಕ್ಕ ಪುಸ್ತಕ ಅದು. ಆಡಿನ ಚರ್ಮ ಹೊದಿಸಿದ ಗಟ್ಟಿ ರಟ್ಟು, ಕೈಗೊಪ್ಪುವ ಅಳತೆ. ಬೆನ್ನಿಗೆ ಹೊಲಿಗೆ ಇರುವುದು ಸರಿ, ಆದರೆ ಉಳಿದ ಮೂರು ಕಡೆಯೂ ಯಾರೋ ಕರೀ ದಾರದಿಂದ ಒತ್ತೊತ್ತಾಗಿ ಹೊಲಿದು ಅದರ ಬಾಯಿ ಮುಚ್ಚಿದ್ದರು. ಬಿಚ್ಚಿಸಿ, ಹಳೆಯ ಹಾಳೆ ಕಿತ್ತು, ನೀರುಬಣ್ಣಕ್ಕೆ ಒದಗುವ ದಪ್ಪ ಹಾಳೆ ಹಾಕಿಸಿದರೆ ಒಳ್ಳೆಯ ಚಿತ್ರಪುಸ್ತಕವಾದೀತೆಂದು ಊರಿನ ಬೈಂಡರ್ ಉಚ್ಚೀರಪ್ಪನ ಬಳಿ ತಂದಿದ್ದ.

"ಯಾಕಪ್ಪಾ, ಒಳಗ ದೆವ್ವ ಕುಂತೈತೇನು?"

"ನಗಬ್ಯಾಡ್ರಿ. ಇದು ನಮ್ಮಪ್ಪನ ಹೊಲಿಗಿ. ಮೂರು ಹೊಲಿಗಿಗೊಂದು ಗಂಟು. ಮತ್ಯಾರೂ ಹಂಗ ಹಾಕಂಗಿಲ್ಲ." ಮುದುಕ ದನಿ ತಗ್ಗಿಸಿದ. "ನೀವಿರೂ ಮನ್ಯಾಗ ಮಾರೆಣ್ಣ ಅಂತ ಚಿತ್ರ ಬರಿಯಾಂವ ಇದ್ದ. ಒಂದು ಬ್ಯಾಸಿಗ್ಯಾಗ ಆತನ ಹೆಂಡ್ತಿ ಕೋಸಗಿಯಿಂದ ನಡಕೊಂತ ಬಂದು ಒಂದು ಮನಿ ಬಾಗಿಲಾಗ ನೀರು ಬೇಡಿದ್ಲು. ಕೊಡ್ಲಿಲ್ಲ. ಅಲ್ಲೇ ಕಟ್ಟಿಮ್ಯಾಗ ಸತ್ಲು. ಮಾರೆಣ್ಣ ಮಾಟಗಾರನ ಕಡಿಂದ ಈ ರಟ್ಟು ಮಂತ್ರಿಸಿಕೊಂಡು ಬಂದು, ಆ ಮನಿಯವರ ಮುಖ ಒಂದೊಂದಾಗಿ ಇದರಾಗ ಬರದ. ಕೊಡಗಟ್ಟಲೆ ನೀರು ಕುಡದ್ರೂ ನೀರಡಿಸೇ ಸತ್ರು ಅವರು."

"ಹಾಳಿ ಕಿತ್ತು ಒಗದ್ರ ಆತಲ್ಲ."

"ಹಾಳ್ಯಾಗ ಏನೂ ಇಲ್ರಿ. ಐತಲ್ಲ, ಅದು ರಟ್ಟಿನ್ಯಾಗ ಐತಿ. ವದ್ದು ಸಾರ್, ಬ್ಯಾಡ! ಇದ್ದಲ್ಲೇ ಇಟ್ಟುಬಿಡ್ರಿ."

ಹಾಲಸ್ವಾಮಿ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದ. ಯುದ್ಧ ಶುರುವಾಗಿ ವಿಲಾಯತಿಯ ಹಡಗು ನಿಂತ ಮೇಲೆ ಅಂಥ ರಟ್ಟು ಎಲ್ಲಿಂದ ತರುವುದು? ಮದರಾಸಿನಿಂದ ತಂದ ಹನ್ನೆರಡೇ ಹಾಳೆ ಟ್ರಂಕಿನ ತಳದಲ್ಲಿದ್ದವು. ಹೊಲಿಗೆ ಕೆಲಸ ಅವನಿಗೂ ಬರುತ್ತಿತ್ತು.

ಕರೀ ದಾರ ಕತ್ತರಿಸಿದಾಗ ಒಳಗಿನಿಂದ ಬತ್ತಿದ ಬಾವಿಯ ತಳದ ಕೆಸರಿನ ವಾಸನೆ ಬಂತು. ಹಾಳೆಗಳನ್ನೆಲ್ಲ ಗೆದ್ದಲು ತಿಂದಿತ್ತು. ಒಂದರ ಮೇಲೆ ಮಾತ್ರ ತೆರೆದ ಬಾಯೊಂದು ಉಳಿದಿತ್ತು. ಅವನು ಅದನ್ನೂ ಒಲೆಗೆ ಹಾಕಿದ. ಹೊಸ ಹಾಳೆ ಮಡಚಿ, ದಬ್ಬಳದಿಂದ ತೂತು ಮಾಡಿ, ಮೇಣ ತೀಡಿದ ದಾರದಿಂದ ಹೊಲಿದ. ಮೈದಾ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಕಲಸಿ, ಹಳೆಯ ರಟ್ಟಿಗೆ ಹಚ್ಚಿ, ಮೇಲೆ ಬೀಸುಕಲ್ಲು ಹೇರಿಟ್ಟ. ಎರಡು ದಿನಕ್ಕೆ ಪುಸ್ತಕ ಸಿದ್ಧ. ಹಾಳೆಯ ತರಿತರಿ ಮೈಮೇಲೆ ಅಂಗೈ ಆಡಿಸಿ ಸಣ್ಣ ಹುಡುಗನಂತೆ ಹಿಗ್ಗಿದ.

ಮೊದಲ ಹಾಳೆಗೆ ಹೆಂಡತಿಯನ್ನೇ ಕೂಡಿಸಿದ. ಪಂಪಮ್ಮ ಮದುವೆಯಾಗಿ ಬಂದು ವರ್ಷವಾಗಿತ್ತು, ಅವನ ಜೀವ ಅವಳಲ್ಲೇ ಇತ್ತು. ಹಣೆಗೆ ವಿಭೂತಿ ತೀಡಿಕೊಂಡು ಕಿಟಕಿಯ ಬಳಿ ಕುಳಿತಳು.

"ಮೂಗು ಸ್ವಲ್ಪ ಸಣ್ಣಗ ಬರೀರಿ ಮತ್ತ."

"ದೇವರು ಕೊಟ್ಟ ಮೂಗು ನಾ ಹೆಂಗ ಸಣ್ಣ ಮಾಡ್ಲಿ?"

"ಹಂಗಾರ ನಿಮ್ಮ ವಿದ್ಯಾ ಎದಕ್ಕ ಬಂತು?" ಎಂದು ನಕ್ಕಳು. ಆ ನಗೆಯೇ ಹಾಳೆಗಿಳಿಯಿತು. ಅಷ್ಟು ಚೆಂದದ ಚಿತ್ರವನ್ನು ಅವನು ಬದುಕಿನಲ್ಲೇ ಬರೆದಿರಲಿಲ್ಲ.

ಬರೆದದ್ದು ಒಣಗಲಿಲ್ಲ.

ಆದವಾನಿಯ ಚೈತ್ರದ ಬಿಸಿಲು ಅದು. ಸೀರೆ ಹಿಂಡಿ ಹರವಿ ತಿರುಗುವಷ್ಟರಲ್ಲಿ ಒಣಗುತ್ತದೆ. ಸಂಜೆಯವರೆಗೆ ಅಂಗಳದಲ್ಲಿಟ್ಟರೂ ಹಾಳೆ ಮಾತ್ರ ಈಗಷ್ಟೇ ಕುಂಚ ಎತ್ತಿದಂತೆ ಮಿನುಗುತ್ತಿತ್ತು. ಅಂಟಿನ ಪಸೆ ಇನ್ನೂ ಆರಿರಲಿಕ್ಕಿಲ್ಲ ಎಂದುಕೊಂಡ.

ಒಳಗೆ ಪಂಪಮ್ಮ ನಾಲ್ಕನೆಯ ತಂಬಿಗೆ ನೀರು ಕುಡಿಯುತ್ತಿದ್ದಳು. "ಯಾಕೋ ಏನೋ, ನೀರಡಿಕಿ ತೀರವಲ್ದು," ಎಂದಳು. ಬೆಳಗಾಗುವ ಹೊತ್ತಿಗೆ ಹಂಡೆ ಬರಿದಾಗಿತ್ತು. ತುಟಿ ಸೀಳಿತ್ತು. ಡಾಕ್ಟರು ಬಂದು ಬಿಸಿಲಿನ ಝಳ ಎಂದು ಪುಡಿ ಕೊಟ್ಟು ಹೋದರು. ಅಡ್ಡಬೀದಿಯ ಹೂವಮ್ಮ ಮಜ್ಜಿಗೆ ತಂದವಳು, ಪಂಪಮ್ಮನ ನಾಲಿಗೆ ನೋಡಿ ಚೆಂಬು ಅಲ್ಲೇ ಬಿಟ್ಟು ಓಡಿಹೋದಳು.

ಎರಡನೆಯ ದಿನ ಹಾಲಸ್ವಾಮಿ ಚಿತ್ರದ ಮೇಲೆ ಒಂದು ಕೊಡ ನೀರು ಸುರಿದ. ಹಾಳೆ ಅಷ್ಟನ್ನೂ ಕುಡಿಯಿತು. ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಬಣ್ಣ ಕದಡಲಿಲ್ಲ. ಪುಸ್ತಕ ಒಲೆಗೆ ತುರುಕಿದ. ಬೆಂಕಿ ಚರ್ಮಕ್ಕೆ ಹತ್ತಲಿಲ್ಲ, ಆದರೆ ಒಳಮನೆಯಲ್ಲಿ ಪಂಪಮ್ಮ ಗಂಟಲು ಹಿಡಿದು ಕಿರುಚಿದಳು. ಬರಿಗೈಯಿಂದಲೇ ಅದನ್ನು ಹೊರಗೆಳೆದ.

ಮೂರನೆಯ ದಿನ ಮಟಮಟ ಮಧ್ಯಾಹ್ನ. ಅವನು ಕಾಲಿಗೆ ಕೆರವೂ ಇಲ್ಲದೆ ಓಡಿ ಉಚ್ಚೀರಪ್ಪನ ಕಾಲು ಹಿಡಿದ. "ನಂದು ತಪ್ಪಾತು. ಆಕೀನ ಉಳಿಸಪ್ಪಾ."

ಮುದುಕ ಅವನನ್ನು ಎಬ್ಬಿಸಿ ಕೂಡಿಸಿದ. "ಕಡೀಕ ಆ ಮನಿ ಹಸುಗೂಸಿನ ಮುಖ ಬರದಾಗ ಮಾರೆಣ್ಣನ ಕರುಳು ಚುರ್ ಅಂತಂತ. ಬಾವಿ ನೀರಿಗೆ ಆ ಬಣ್ಣ ಹೋಗಂಗಿಲ್ರಿ. ಬರದಾವನ ಕಣ್ಣೀರು ಬೇಕು. ಆತ ತನ್ನ ಕಣ್ಣೀರಿಲೆ ಆ ಮುಖ ತೊಳದ. ಕೂಸು ಉಳೀತು."

"ಮಾರೆಣ್ಣ?"

"ಕಣ್ಣು ಹೋದ್ವು. ಕುರುಡಾದ ಮ್ಯಾಲೇ ನಮ್ಮಪ್ಪನ ಕಡಿಂದ ಪುಸ್ತಕ ಹೊಲಿಸಿದ." ಮುದುಕ ಕರೀ ದಾರದ ಉಂಡೆಯೊಂದನ್ನು ಅವನ ಕೈಗೆ ಹಾಕಿದ. "ನೀವು ಚಿತ್ರ ಬರಿಯೋರು. ವಿಚಾರ ಮಾಡ್ರಿ."

ವಿಚಾರ ಮಾಡಲು ಏನಿತ್ತು? ಮನೆ ಬಿಸಿಲಿಗೆ ಕದ ಮುಚ್ಚಿಕೊಂಡು ಕತ್ತಲಾಗಿತ್ತು. ಒಳಗೆ ಅದೇ ಕೆಸರಿನ ವಾಸನೆ. ಪಂಪಮ್ಮ ಚಾಪೆಯ ಮೇಲೆ ಕಡ್ಡಿಯಂತೆ ಬಿದ್ದಿದ್ದಳು. ದನಿ ಹೋಗಿತ್ತು. ತುಟಿ ಮಾತ್ರ ಆಡುತ್ತಿತ್ತು. ನೀರು. ನೀರು. ಅವಳ ಪಕ್ಕದಲ್ಲೇ ತುಂಬಿದ ಕೊಡವಿತ್ತು. ಹಾಲಸ್ವಾಮಿ ಅದನ್ನು ನೋಡಿದ. ಬಿಕ್ಕಿ ಬಿಕ್ಕಿ ಅತ್ತ.

ಕುಂಚವನ್ನು ಕೆನ್ನೆಗೊತ್ತಿ ಹನಿ ಹಿಡಿದ. ಚಿತ್ರದ ತುಟಿಗೆ ಇಟ್ಟ. ಕೊಡನೀರಿಗೆ ಕದಡದ ಬಣ್ಣ ಒಂದೇ ಹನಿಗೆ ಕರಗಿತು. ಮತ್ತೊಂದು ಹನಿ. ನಗೆ ಹೋಯಿತು. ಗದ್ದ ಹೋಯಿತು. ಅವನ ಕಣ್ಣಿನ ಅಂಚು ಮಂಜಾಯಿತು. ಬಿಡಲಿಲ್ಲ. ಅವಳು ಸಣ್ಣಗೆ ಬರೀರಿ ಎಂದಿದ್ದ ಮೂಗು. ಕೆನ್ನೆ. ಅವಳ ಕಣ್ಣು. ತನ್ನ ಕಣ್ಣೊಳಗೆ ಮರಳು ಸುರಿದ ಉರಿ. ಕಿಟಕಿಯ ಸಂದಿಯ ಬೆಳಕು ದಾರದಷ್ಟಾಯಿತು. ಇನ್ನು ವಿಭೂತಿಯೊಂದೇ. ರೆಪ್ಪೆ ಹಿಂಡಿದ. ಬರಲಿಲ್ಲ. ಮತ್ತೆ ಹಿಂಡಿದ. ಒಂದು ಹನಿ. ಅಷ್ಟೇ. ಬೆಳಕು ಹೋಯಿತು. ಬೆರಳಿಂದ ತಡವರಿಸಿ, ಹಣೆ ಇರಬೇಕಾದ ಕಡೆ ಉಜ್ಜಿದ.

ಕತ್ತಲೆಯಲ್ಲಿ ಕೊಡ ವಾಲಿದ ಸದ್ದು. ಗಟಗಟ ಕುಡಿಯುವ ಸದ್ದು. ಆಮೇಲೆ ಮೂರು ದಿನದಿಂದ ಅವನು ಕೇಳಲು ಹಂಬಲಿಸಿದ್ದ ಮಾತು.

"ಸಾಕಾತ್ರಿ."

ವಾರ ಕಳೆಯಿತು. ಪಂಪಮ್ಮ ಎದ್ದು ಓಡಾಡಿದಳು. ಗಂಡನ ಕಣ್ಣಿಗೆ ಬೆಣ್ಣೆ ಸವರಿದಳು, ಅವನ ಪಾಲಿನದನ್ನೂ ತಾನೇ ಅತ್ತಳು. ಅವನಿಗೆ ಅಳಲಿಕ್ಕೂ ನೀರಿರಲಿಲ್ಲ. ಒಂದು ಮಧ್ಯಾಹ್ನ ಅವನು ಪುಸ್ತಕ ತರಿಸಿ, ಕರೀ ದಾರ, ದಬ್ಬಳ ಅವಳ ಕೈಗೆ ಕೊಟ್ಟ. "ಮೂರೂ ಕಡೆ ಹೊಲದುಬಿಡು. ಮೂರು ಹೊಲಿಗಿಗೊಂದು ಗಂಟು ಹಾಕು. ಮೊದಲು ತಗದು ನೋಡು. ಹಾಳಿ ಬೆಳ್ಳಗ ಆಗೇತಿಲ್ಲೋ?"

ರಟ್ಟು ತೆರೆದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಅವಳ ಬಳೆ ಕೂಡ ಅಲುಗಲಿಲ್ಲ.

"ಪಂಪಾ?"

"ಬೆಳ್ಳಗ ಐತ್ರಿ," ಎಂದಳು. "ಏನೂ ಇಲ್ಲ. ಬೆಳ್ಳಗ ಐತಿ."

ಅವನು ಕೈ ಚಾಚಿದ. ಅವಳು ತಡೆಯುವಷ್ಟರಲ್ಲಿ ಬೆರಳು ಹಾಳೆ ಮುಟ್ಟಿತ್ತು. ತರಿತರಿ, ಒಣ ಒಣ. ಹಾಳೆಯ ನಡುವೆ ಒಂದು ಕಡೆ ಮಾತ್ರ ಬೆಚ್ಚಗಿನ ಒದ್ದೆ. ಅದರ ಪಕ್ಕದಲ್ಲೇ, ಎರಡು ಬೆರಳಿನಷ್ಟು ದೂರದಲ್ಲಿ, ಇನ್ನೊಂದು. ಬೆರಳ ಕೆಳಗೆ ಅದು ರೆಪ್ಪೆ ಮಿಟುಕಿಸಿತು.

ಹಾಲಸ್ವಾಮಿ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡ. ಉಪ್ಪುಪ್ಪಾಗಿತ್ತು. ಅವನದೇ ಕಣ್ಣೀರು.

"ಹೊಲಿ," ಎಂದ.